ಇಂದಿನ ಧಮ್ಮ ಚಿಂತನೆ: ಸಾಕಿದ ಕೈ, ಕೊಯ್ಯುವ ಕೈ



ಮನೆಯಲ್ಲಿ ಸಾಕಿದ ಕೋಳಿಯನ್ನು ನಾವೇ ಕೊಯ್ದರೆ ಮೊದಲನೆಯ ಶೀಲ ಮುರಿಯುತ್ತದೆ, ಅಂಗಡಿಯಿಂದ ತಂದು ತಿಂದರೆ ಮುರಿಯುವುದಿಲ್ಲ. ಬಳಗದಲ್ಲಿ ಪಂಚಶೀಲದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆ ಹೇಳುತ್ತಾರೆ. ನಾನು ಟರ್ಕಿ ಕೋಳಿ ಸಾಕುವುದೂ, ಅವನ್ನು ನಾನೇ ಕೊಯ್ಯುವುದೂ ಹಲವರಿಗೆ ಗೊತ್ತು. ಪ್ರೀತಿಯಿಂದಲೇ ಹೇಳುತ್ತಾರೆ: “ಅಣ್ಣಾ, ನೀವು ಯಾಕೆ ಕೈ ಕೆಸರು ಮಾಡ್ಕೋತೀರಿ? ಅಂಗಡಿಯವನ ಹತ್ರ ಕೊಟ್ಟು ಕೊಯ್ಸಿಬಿಡಿ.” ಈ ಸಲಹೆ ಸರಿಯೇ? ಇಂದು ಇದನ್ನೇ ಯೋಚಿಸೋಣ.

ಮೊದಲು ಆ ಕೆಲಸ ಎಂಥದ್ದು ಎಂದು ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಶೀಲದ ಚರ್ಚೆ ಮಾಡಿ ಪ್ರಯೋಜನವಿಲ್ಲ.

ನಮ್ಮದು ತುಮಕೂರು ಜಿಲ್ಲೆಯಲ್ಲಿ ಒಂದೂವರೆ ಎಕರೆ. ತೆಂಗು, ಸ್ವಲ್ಪ ರಾಗಿ, ಒಂದು ಹಸು, ನಾಟಿ ಕೋಳಿಗಳು, ಕೆಲವು ವರ್ಷಗಳಿಂದ ಟರ್ಕಿಗಳೂ ಇವೆ. ನಾಟಿ ಕೋಳಿಯ ಮೊಟ್ಟೆ 21 ದಿನಕ್ಕೆ ಮರಿಯಾದರೆ ಟರ್ಕಿಗೆ 28 ದಿನ ಬೇಕು. ಹುಟ್ಟಿದ ಮೇಲೂ ಟರ್ಕಿ ಮರಿಗೆ ತಾನಾಗಿ ಮೇಯುವುದು ಬೇಗ ಬರುವುದಿಲ್ಲ. ಮೇವು ಮುಂದೆಯೇ ಇದ್ದರೂ ಹಸಿದು ಸಾಯುವ ಮರಿಗಳುಂಟು. ಅದಕ್ಕೇ ಮೊದಲ ದಿನಗಳಲ್ಲಿ ತಟ್ಟೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ತೋರಿಸಬೇಕು, ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ ತಿನ್ನಿಸಬೇಕು, ಕೊಕ್ಕನ್ನು ನೀರಿಗೆ ಮುಟ್ಟಿಸಬೇಕು. ಆರೇಳು ತಿಂಗಳಲ್ಲಿ ಗಂಡು ಹಕ್ಕಿ ಕೊಯ್ಯುವ ತೂಕಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ನನ್ನ ಬೈಕಿನ ಸದ್ದಿಗೆ ಗುಳುಗುಳು ಎಂದು ಉತ್ತರ ಕೊಡುತ್ತಿರುತ್ತದೆ. ಗಾಬರಿಯಾದರೆ, ಸಿಟ್ಟು ಬಂದರೆ ಅದರ ಬೋಳು ಕತ್ತಿನ ಬಣ್ಣವೇ ಬದಲಾಗುತ್ತದೆ. ಅದರ ಮನಸ್ಸು ಮುಖದ ಮೇಲೇ ಕಾಣುತ್ತದೆ.

ಕೊಯ್ಯುವ ಹಿಂದಿನ ರಾತ್ರಿ ಮೇವು ಹಾಕುವುದಿಲ್ಲ, ನೀರು ಮಾತ್ರ ಇಡುತ್ತೇವೆ. ಬೆಳಕು ಹರಿಯುವ ಮೊದಲೇ ಹಿಡಿಯುತ್ತೇನೆ, ಕತ್ತಲಲ್ಲಿ ಬೆದರುವುದು ಕಡಿಮೆ. ಮೂಲೆ ಕತ್ತರಿಸಿದ ಗೋಣಿಚೀಲಕ್ಕೆ ಇಳಿಸಿ ತಲೆಯಷ್ಟೇ ಹೊರಗೆ ಬರುವಂತೆ ಮಾಡಿದರೆ ರೆಕ್ಕೆ ಬಡಿದುಕೊಂಡು ಮುರಿದುಕೊಳ್ಳುವುದಿಲ್ಲ. ಹರಿತವಾದ ಚಾಕು ಬೇಕು, ಕೈ ತಡವರಿಸಬಾರದು. ರಕ್ತ ಬಸಿದ ಮೇಲೆ ಬಿಸಿನೀರಿನಲ್ಲಿ ಅದ್ದುವುದು, ಪುಕ್ಕ ಕೀಳುವುದು, ಅರಿಶಿನ ಹಚ್ಚಿ ಬೆಂಕಿಯಲ್ಲಿ ಸುಡುವುದು. ಮೇಯಲು ಕಲಿಸಿದ ಬೆರಳುಗಳೇ ಆ ಕತ್ತನ್ನು ಹಿಡಿದಿರುತ್ತವೆ.

ಇದು ಪಾಣಾತಿಪಾತವೇ? ಹೌದು. ಕೊಲೆ ಪೂರ್ಣವಾಗಲು ಐದು ಅಂಶ ಬೇಕೆಂದು ಅಟ್ಠಕಥೆಗಳು ಹೇಳುತ್ತವೆ. ಒಂದು ಜೀವ ಇರಬೇಕು, ಅದು ಜೀವ ಎಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಆ ಪ್ರಯತ್ನದಿಂದ ಅದು ಸಾಯಬೇಕು. ನನ್ನ ವಿಷಯದಲ್ಲಿ ಐದೂ ಇವೆ. ಸಾಕಿದವನಿಗೆ ವಿನಾಯಿತಿ ಎಂಬ ಆರನೆಯ ಅಂಶ ಅಲ್ಲಿಲ್ಲ.

ಕೆಲವರು ಬೇರೆ ಸಮಾಧಾನ ಹೇಳುತ್ತಾರೆ. ನೀವು ಸಾಕದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ, ಬದುಕಿದಷ್ಟು ದಿನ ಮರದ ನೆರಳಲ್ಲಿ ಸುಖವಾಗಿತ್ತಲ್ಲ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಇದೇ ಮಾತನ್ನು ಜೀತದಾಳಿನ ಒಡೆಯನೂ ಆಡಬಹುದಿತ್ತು: ಅನ್ನ ಹಾಕಿದ್ದು ನಾನು, ಆದ್ದರಿಂದ ಇವನ ಬದುಕು ನನ್ನದು ಅಂತ. ಅನ್ನ ಹಾಕುವುದು ಸಾಕುವವನ ಹೊಣೆ. ಅದು ಜೀವಕ್ಕೆ ಕೊಟ್ಟ ಮುಂಗಡವಲ್ಲ. ನಾನು ಚೆನ್ನಾಗಿ ನೋಡಿಕೊಂಡದ್ದು ಒಂದು ಕರ್ಮ, ಕೊಂದದ್ದು ಇನ್ನೊಂದು ಕರ್ಮ. ಒಂದನ್ನು ಇನ್ನೊಂದಕ್ಕೆ ವಜಾ ಮಾಡಿಕೊಳ್ಳಲು ಬರುವುದಿಲ್ಲ.

ಹಾಗಾದರೆ ಅಂಗಡಿಯ ದಾರಿ? ಅದಕ್ಕೆ ಆಧಾರವಾಗಿ ಎಲ್ಲರೂ ಹೇಳುವುದು ಜೀವಕ ಸುತ್ತವನ್ನು. ಮಜ್ಝಿಮ ನಿಕಾಯದ 55ನೆಯ ಸುತ್ತ ಅದು. ವೈದ್ಯನಾದ ಜೀವಕ ರಾಜಗೃಹದ ತನ್ನ ಮಾವಿನ ತೋಪಿನಲ್ಲಿ ಭಗವಾನರನ್ನು ಮಾಂಸದ ಬಗ್ಗೆ ಕೇಳುತ್ತಾನೆ. ತನಗಾಗಿ ಕೊಂದದ್ದೆಂದು ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು, ಆಗ ಭಿಕ್ಷು ಸ್ವೀಕರಿಸಬಹುದು ಎಂಬುದು ಉತ್ತರ. ಈ ಭಾಗ ಎಲ್ಲರಿಗೂ ಬಾಯಿಪಾಠ.

ಆದರೆ ಇದು ಯಾರಿಗೆ ಹೇಳಿದ ಮಾತು? ಪಾತ್ರೆ ಹಿಡಿದು ಮನೆ ಮನೆಯ ಮುಂದೆ ನಿಲ್ಲುವ ಭಿಕ್ಷುವಿಗೆ. ಅವನು ಇದು ಬೇಕು, ಅದು ಬೇಕು ಅನ್ನುವಂತಿಲ್ಲ, ಬಿದ್ದದ್ದನ್ನು ಉಣ್ಣಬೇಕು. ನಾವು ಗೃಹಸ್ಥರು. ಜೇಬಿನಲ್ಲಿ ದುಡ್ಡಿದೆ, ಆರಿಸುವ ಸ್ವಾತಂತ್ರ್ಯವಿದೆ. “ಒಂದೂವರೆ ಕೆಜಿ ಕೊಡಪ್ಪಾ, ಬೇಗ” ಎಂದು ಪಂಜರದ ಮುಂದೆ ನಿಂತು ಹೇಳುವವನು, ಕಂಡಿಲ್ಲ, ಕೇಳಿಲ್ಲ, ಅನುಮಾನವಿಲ್ಲ ಎನ್ನಲು ಹೇಗೆ ಸಾಧ್ಯ? ಮುಖ ಆ ಕಡೆ ತಿರುಗಿಸಿ ಮೊಬೈಲ್ ನೋಡುತ್ತ ನಿಂತರೆ ಕಾಣದಿರುವುದು ಕಣ್ಣಿಗೆ ಮಾತ್ರ.

ಅದೇ ಸುತ್ತದ ಕೊನೆಯ ಭಾಗವನ್ನು ಕಡಿಮೆ ಜನ ಓದುತ್ತಾರೆ. ತಥಾಗತನಿಗಾಗಿಯೋ ಅವನ ಶಿಷ್ಯರಿಗಾಗಿಯೋ ಪ್ರಾಣಿ ಕೊಲ್ಲುವ ಗೃಹಸ್ಥನಿಗೆ ಐದು ಕಡೆ ಪಾಪ ಅಂಟುತ್ತದೆ ಎಂದು ಅಲ್ಲಿ ಎಣಿಸಿದ್ದಾರೆ. ಆ ಪ್ರಾಣಿಯನ್ನು ತನ್ನಿ ಎಂದು ಹೇಳುವುದು ಒಂದು. ಕೊರಳಿಗೆ ಹಗ್ಗ ಹಾಕಿ ಎಳೆದು ತರುವಾಗ ಅದು ಪಡುವ ನೋವು ಎರಡು. ಕೊಲ್ಲಿ ಎಂದು ಹೇಳುವುದು ಮೂರು. ಕೊಲ್ಲುವಾಗ ಅದು ಪಡುವ ನೋವು ನಾಲ್ಕು. ಸಲ್ಲದ್ದನ್ನು ಬಡಿಸುವುದು ಐದು. ಗಮನಿಸಿ, ಚಾಕು ಹಿಡಿದ ಕೈಗಿಂತ ಮೊದಲು ಬಾಯಿಯ ಲೆಕ್ಕ ಬರೆದಿದ್ದಾರೆ. ಸಾವಿನ ನೋವಿಗಿಂತ ಮೊದಲು ದಾರಿಯ ನೋವಿನ ಲೆಕ್ಕ ಬರೆದಿದ್ದಾರೆ. ಬೈಕಿನ ಎರಡೂ ಬದಿ ತಲೆಕೆಳಗಾಗಿ ನೇತಾಡುತ್ತ ಹೋಗುವ ಕೋಳಿಗಳನ್ನು ನಾವೆಲ್ಲ ನೋಡಿದ್ದೇವೆ. ಆ ದಾರಿಯ ನೋವು ಯಾರ ಲೆಕ್ಕಕ್ಕೆ?

ಇನ್ನೊಂದು ಮಾತು. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯದಲ್ಲಿ ಹೇಳಿದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ನನ್ನ ಮಗ ಮಾಡಬಾರದು ಎಂದು ನಾನು ಬಯಸುವ ಕೆಲಸವನ್ನು ಇನ್ನೊಬ್ಬರ ಮಗನ ಕೈಗೆ ಕೊಟ್ಟು, ನಾನು ಶೀಲವಂತನಾಗಿ ಮನೆಗೆ ಬರುವುದು ಯಾವ ನ್ಯಾಯ? ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತೇವೆ. ಇಲ್ಲಿ ಮೊಸರು ನಮ್ಮ ಬಾಯಿಗೆ, ಕೆಸರು ಇನ್ನೊಬ್ಬರ ಕೈಗೆ. ಸಾಲದ್ದಕ್ಕೆ ಕರುಣೆ ಇಲ್ಲದವನನ್ನು ಬೈಯಲು “ಕಟುಕ” ಎಂಬ ಮಾತನ್ನೂ ಇಟ್ಟುಕೊಂಡಿದ್ದೇವೆ. ಹೊಲಸು ಎನಿಸಿದ ಕೆಲಸವನ್ನೆಲ್ಲ ಕೆಲವರ ತಲೆಗೆ ಕಟ್ಟಿ, ಆಮೇಲೆ ಅವರನ್ನೇ ದೂರ ಇಟ್ಟ ಈ ನಾಡಿನ ಚರಿತ್ರೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಏರ್ಪಾಟನ್ನು ಶೀಲದ ಹೆಸರಿನಲ್ಲಿ ಒಳಗೆ ಬಿಟ್ಟುಕೊಳ್ಳಬಾರದು.

ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಹಿಂಸೆಯನ್ನು ಬುದ್ಧರು ಕಟ್ಟಳೆಯಾಗಿ ಅಲ್ಲ, ತತ್ತ್ವವಾಗಿ ಕೊಟ್ಟರು ಎಂದು ವಿವರಿಸುತ್ತಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ವಿಂಗಡಿಸುತ್ತಾರೆ. ಕಟ್ಟಳೆಯಾದರೆ ಪಾಲಿಸಿದೆನೋ ಮುರಿದೆನೋ ಎಂದು ನೋಡಿದರೆ ಮುಗಿಯಿತು. ತತ್ತ್ವವಾದರೆ ಪ್ರತಿ ಸಲವೂ ಯೋಚಿಸಬೇಕು. ಎರಡು ಕೋಳಿಗಳೇ ಆಪತ್ಕಾಲದ ಉಳಿತಾಯವಾಗಿರುವ ಮನೆಯ ಅಗತ್ಯ ಒಂದು ಥರ. ಬಾಣಂತಿಗೆ ಸಾರು ಮಾಡುವ ಮನೆಯ ಅಗತ್ಯ ಒಂದು ಥರ. ನಮ್ಮ ಮನೆಯಲ್ಲಿ ರಾಗಿ ಇದೆ, ಕಾಳಿದೆ, ಹಾಲಿದೆ, ಮೊಟ್ಟೆ ಇದೆ. ನಮಗೆ ಎಷ್ಟು ಅಗತ್ಯ, ಎಷ್ಟು ಬಾಯಿಚಪಲ ಎಂಬುದನ್ನು ನಮ್ಮ ಮನೆಯವರೇ ಹೇಳಿಕೊಳ್ಳಬೇಕು. ಇನ್ನೊಬ್ಬರ ತಟ್ಟೆ ಅಳೆಯಲು ಶೀಲ ಮೊಳಕೋಲಲ್ಲ. ಮಾಂಸ ತಿನ್ನುವವರನ್ನು ಕೀಳಾಗಿ ಕಾಣಲು ಅಹಿಂಸೆಯ ಹೆಸರು ಹೇಳುವವರಿದ್ದಾರೆ. ಅವರ ಸಾಲಿಗೆ ನಾವು ಸೇರುವುದು ಬೇಡ.

ಹಾಗಾದರೆ ದಾರಿ ಯಾವುದು? ನನಗೆ ಕಂಡ ದಾರಿ ಅಶೋಕನದು. ಅವನ ಮೊದಲನೆಯ ಬಂಡೆ ಶಾಸನ ನಮ್ಮ ಗಡಿಯಾಚೆ ಆಂಧ್ರದ ಎರ್ರಗುಡಿಯಲ್ಲೂ ಇದೆ. ಮೊದಲು ಅರಮನೆಯ ಅಡುಗೆಮನೆಯಲ್ಲಿ ಸಾರಿಗಾಗಿ ದಿನಕ್ಕೆ ಲಕ್ಷಾಂತರ ಪ್ರಾಣಿಗಳು ಸಾಯುತ್ತಿದ್ದವು ಎಂದು ಅದರಲ್ಲಿ ಬರೆಸಿದ್ದಾನೆ. ಈಗ ಸಾಯುವುದು ಮೂರು, ಎರಡು ನವಿಲು ಮತ್ತು ಒಂದು ಜಿಂಕೆ, ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರೂ ಸಾಯುವುದಿಲ್ಲ. ಚಕ್ರವರ್ತಿಗೆ ತಾನು ಪೂರ್ತಿ ಶುದ್ಧನಾದೆ ಎಂದು ಬರೆಸಲು ಅಡ್ಡಿ ಏನಿತ್ತು? ಯಾರು ಹೋಗಿ ಅಡುಗೆಮನೆ ನೋಡುತ್ತಿದ್ದರು? ಆದರೂ ಉಳಿದ ಮೂರನ್ನು ಕಲ್ಲಿನ ಮೇಲೆ ಕೊರೆಸಿದ. ಎಷ್ಟಿತ್ತು, ಎಷ್ಟಾಯಿತು, ಇನ್ನೆಷ್ಟು ಉಳಿದಿದೆ ಎಂಬುದೇ ಆ ಶಾಸನ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಲ್ಲೂ ಅವನು ತಂದೆತಾಯಿಯ ಸೇವೆ, ಸತ್ಯ ನುಡಿಯುವುದು, ಜೀವಿಗಳಲ್ಲಿ ದಯೆ, ಇವನ್ನು ಒಟ್ಟಿಗೆ ಹೇಳಿಸಿದ್ದಾನೆ. ದಯೆಯ ಪಕ್ಕದಲ್ಲೇ ಸತ್ಯ ಇರುವುದನ್ನು ನೋಡಿ. ಸುಳ್ಳು ಲೆಕ್ಕದ ಮೇಲೆ ದಯೆ ನಿಲ್ಲುವುದಿಲ್ಲ.

ನಮ್ಮ ಮನೆಯಲ್ಲೂ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಗೆರೆ ಹಾಕಿದೆವು. ನನ್ನ ಕೈಯಲ್ಲಿ ಹೋದ ಪ್ರತಿ ಜೀವಕ್ಕೆ ಒಂದು ಕೆಂಪು ಗೆರೆ, ಅಂಗಡಿಯಿಂದ ತಂದ ಪ್ರತಿ ಕೋಳಿಗೆ ಒಂದು ನೀಲಿ ಗೆರೆ. ವರ್ಷ ತುಂಬಿದಾಗ ಕೆಂಪು 7, ನೀಲಿ 41. ಆ ಏಳರಲ್ಲಿ ಒಂದೊಂದೂ ನನಗೆ ನೆನಪಿದೆ. ಯಾವುದು ಕುಂಟುತ್ತಿತ್ತು, ಯಾವುದು ಬೇಲಿ ಹಾರುತ್ತಿತ್ತು ಎಂದು ಹೇಳಬಲ್ಲೆ. ನಲವತ್ತೊಂದರಲ್ಲಿ ಒಂದರ ಗುರುತೂ ಮನೆಯಲ್ಲಿ ಯಾರಿಗೂ ಇಲ್ಲ. ನನ್ನ ಹೆಂಡತಿ ಗೆರೆ ಎಣಿಸಿ, “ಮೊದ್ಲು ಈ ನೀಲೀನ ಇಳಿಸೋಣ” ಎಂದಳು. ಈ ವರ್ಷ ಹೊಸ ಟರ್ಕಿ ಮರಿ ತಂದಿಲ್ಲ. ಇರುವ ಹೆಣ್ಣು ಹಕ್ಕಿಗಳು ಮೊಟ್ಟೆಗೆ. ನೆಂಟರ ಮುಂದೆ ದೊಡ್ಡಸ್ತಿಕೆಗೆ ಕೊಯ್ಯುವುದಿಲ್ಲ ಎಂದು ಮಾತಾಗಿದೆ. ಹೊಸತೊಡಕಿಗೆ ಒಂದೇ. ಅಶೋಕನ ಶಾಸನದ ಕೊನೆಯ ಮಾತು, ಇನ್ನು ಮುಂದೆ ಇಲ್ಲವೇ ಇಲ್ಲ ಎಂಬುದು, ನಮ್ಮ ಮನೆಗೆ ಇನ್ನೂ ಬಂದಿಲ್ಲ. ಬಂದಿಲ್ಲ ಎಂಬುದನ್ನೂ ಲೆಕ್ಕದಲ್ಲೇ ಇಡುತ್ತೇನೆ.

ತನ್ನ ಕೈಯಿಂದ ಕೊಂದವನು ನೋಡಿದ್ದರಿಂದಲೇ ಶುದ್ಧನಾಗುವುದಿಲ್ಲ. ನಾನು ಧೈರ್ಯಸ್ಥ, ನಾನು ಪ್ರಾಮಾಣಿಕ ಎಂಬ ಹೆಮ್ಮೆ ಹುಟ್ಟಿದರೆ ಅದು ಇನ್ನೊಂದು ಮಲಿನತೆ. ಆದರೆ ನೋಡಿದವನಿಗೆ ಲೆಕ್ಕ ತಪ್ಪಿಸುವುದು ಕಷ್ಟ. ಶೀಲ ಅಲ್ಲಿಂದ ಶುರುವಾಗಬಹುದು. ಪಂಚಶೀಲದಲ್ಲಿ ನಾವು ಹೇಳುವುದು ‘ವೇರಮಣಿ’, ಎಂದರೆ ದೂರವಿರುವುದು. ‘ಸಿಕ್ಖಾಪದ’, ಎಂದರೆ ಕಲಿಕೆಯ ಹೆಜ್ಜೆ. ಕಲಿತು ಮುಗಿಸಿದವರ ಘೋಷಣೆ ಅದಲ್ಲ, ಕಲಿಯಲು ಕೂತವರ ಮಾತು. ಹಾಗೆಂದೇ ನಾನೂ ಅದನ್ನು ಹೇಳುತ್ತೇನೆ. ಹೇಳಿದ ಮೇಲೆ ಗೆರೆ ಕಡಿಮೆಯಾಗಬೇಕು, ಇಲ್ಲದಿದ್ದರೆ ಅದು ಬರೀ ಬಾಯಿಮಾತು.

ಕನ್ನಡದಲ್ಲಿ “ಸಾಕು” ಎಂದರೆ ಸಲಹು ಎಂದೂ ಹೌದು, ಇನ್ನು ಬೇಡ ಎಂದೂ ಹೌದು. ಸಾಕುವವನು ಎರಡನೆಯ ಅರ್ಥವನ್ನೂ ಕಲಿಯಬೇಕು.

*ಇಂದಿನ ಅಭ್ಯಾಸ:* ಊಟಕ್ಕೆ ಕೂತಾಗ ಒಂದು ಕ್ಷಣ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ತಟ್ಟೆಗಾಗಿ ಯಾವ ಜೀವ ಹೋಯಿತು? ಯಾರ ಕೈಯಿಂದ ಹೋಯಿತು, ಯಾರ ಮಾತಿನಿಂದ ಹೋಯಿತು? ನಾಳೆ ಒಂದು ಕಡಿಮೆ ಮಾಡಬಹುದೇ? ಉತ್ತರವನ್ನು ಬಳಗಕ್ಕೆ ಹೇಳಬೇಕಿಲ್ಲ. ನಿಮ್ಮ ಮನೆಯ ಕ್ಯಾಲೆಂಡರಿಗೆ ಗೊತ್ತಿದ್ದರೆ ಸಾಕು.

ಸಕಲ ಜೀವಿಗಳಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏