ಶಕ್ತಿಯ ಮೇರೆ, ವ್ರತದ ಮರ್ಯಾದೆ

ಚತುರ್ದಶಿಯ ಪ್ರಾತಃಕಾಲ. ಹಿಂದಿನ ದಿನ ಏಕಾಶನ ಮಾಡಿ, ಬಸದಿಯಲ್ಲಿ ಉಪವಾಸದ ನಿಯಮವನ್ನು ಸ್ವೀಕರಿಸಿದ ತರುಣ ಶ್ರಾವಕನೊಬ್ಬನು ಎಂದಿನ ಅಭ್ಯಾಸದಂತೆ ವ್ಯಾಯಾಮಶಾಲೆಗೆ ಹೋಗುತ್ತಾನೆ. ಕಬ್ಬಿಣದ ಭಾರವನ್ನು ಹೆಗಲ ಮೇಲೆ ಹೊತ್ತು ಬೈಠಕ್ ತೆಗೆಯುತ್ತಾನೆ. ಮೂರನೆಯ ಸರದಿಯ ಹೊತ್ತಿಗೆ ತಣ್ಣನೆಯ ಬೆವರು, ಕಣ್ಣಿಗೆ ಕತ್ತಲೆ, ಹೊಟ್ಟೆಯಿಂದ ಎದ್ದುಬರುವ ವಾಕರಿಕೆ. ‘ಇದೂ ಒಂದು ಪರೀಷಹವೇ; ಸಹಿಸಿದರೆ ಕರ್ಮನಿರ್ಜರೆ’ ಎಂದು ಬಗೆದು ಇನ್ನೆರಡು ಸರದಿಗಳನ್ನು ಮುಗಿಸುತ್ತಾನೆ. ಮಧ್ಯಾಹ್ನದ ವೇಳೆಗೆ ಎದ್ದು ನಿಲ್ಲಲಾರದಾಗುತ್ತಾನೆ. ತಾಯಿ ನೀರು ಕುಡಿಸುತ್ತಾಳೆ, ಉಪವಾಸ ಭಂಗವಾಗುತ್ತದೆ. ಸಂಜೆ ಮನೆಯಲ್ಲಿ ಎರಡು ಮಾತುಗಳು ಹುಟ್ಟುತ್ತವೆ. ಒಬ್ಬ ಹಿರಿಯರು ‘ಈ ಕಬ್ಬಿಣದ ಹುಚ್ಚನ್ನು ಬಿಡು’ ಎನ್ನುತ್ತಾರೆ. ಇನ್ನೊಬ್ಬರು ‘ಈ ವಯಸ್ಸಿನಲ್ಲಿ ಉಪವಾಸವೇಕೆ?’ ಎನ್ನುತ್ತಾರೆ.

ಇಂಥ ಪ್ರಸಂಗ ಇಂದು ಯಾವ ಶ್ರಾವಕನ ಮನೆಯಲ್ಲಾದರೂ ಒದಗಬಹುದು. ಹಾಗಾದರೆ ಆ ತರುಣನಲ್ಲಿ ದೋಷವಾವುದು? ನೀರು ಕುಡಿದುದೋ, ಭಾರವೆತ್ತಿದುದೋ, ಉಪವಾಸ ಹಿಡಿದುದೋ?

ಮೊದಲು ವಾಕರಿಕೆಯ ಸ್ವರೂಪವನ್ನು ತಿಳಿಯಬೇಕು. ಮನುಷ್ಯನು ಭಾರವನ್ನೆತ್ತುವಾಗ, ಅದರಲ್ಲಿಯೂ ತೊಡೆ ಬೆನ್ನುಗಳ ದೊಡ್ಡ ಸ್ನಾಯುಗಳು ದುಡಿಯುವಾಗ, ರಕ್ತವು ಹೊಟ್ಟೆ ಕರುಳುಗಳಿಂದ ಹಿಂದೆಗೆದು ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೊಟ್ಟೆಯಲ್ಲಿ ಆಗತಾನೇ ಉಂಡ ಅನ್ನವಿದ್ದರೆ ಅದು ಜೀರ್ಣವಾಗದೆ ಮೇಲಕ್ಕೆ ಒತ್ತುತ್ತದೆ. ಹೊಟ್ಟೆ ಬರಿದಾಗಿ, ದೇಹದ ನೀರು ಬತ್ತಿ, ರಕ್ತದ ಸಕ್ಕರೆ ಇಳಿದಿದ್ದರೂ ವಾಕರಿಕೆ ಬರುತ್ತದೆ. ಉಸಿರನ್ನು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ತಟ್ಟನೆ ಏರಿ, ಒಡನೆಯೇ ಇಳಿದು ತಲೆ ತಿರುಗುತ್ತದೆ. ಸರದಿಗಳ ನಡುವೆ ವಿಶ್ರಾಂತಿಯಿಲ್ಲದಿದ್ದರೆ, ಸೆಕೆಯಲ್ಲಿ ಗಾಳಿಯಾಡದಿದ್ದರೆ, ಅಭ್ಯಾಸಕ್ಕೆ ಮೀರಿದ ಭಾರವನ್ನು ಹೊತ್ತರೆ ಈ ತೊಂದರೆ ಇಮ್ಮಡಿಯಾಗುತ್ತದೆ. ಆದುದರಿಂದ ವಾಕರಿಕೆಯು ಹೇಡಿತನದ ಗುರುತಲ್ಲ, ಶೌರ್ಯದ ಪದಕವೂ ಅಲ್ಲ. ಈ ಹೊತ್ತಿನ ಶಕ್ತಿ ಇಲ್ಲಿಗೆ ಮುಗಿಯಿತೆಂದು ದೇಹವು ಕೊಡುವ ಎಚ್ಚರಿಕೆ ಅದು.

‘ಮುನಿಗಳು ಹಸಿವು ಬಾಯಾರಿಕೆಗಳನ್ನು ಸಹಿಸುವುದಿಲ್ಲವೇ? ಶ್ರಾವಕನು ಒಂದು ವಾಕರಿಕೆಯನ್ನು ಸಹಿಸಿದರೆ ತಪ್ಪೇನು?’ ಎಂದು ಕೇಳಬಹುದು. ಇಪ್ಪತ್ತೆರಡು ಪರೀಷಹಗಳಲ್ಲಿ ಕ್ಷುಧೆಯೂ ಪಿಪಾಸೆಯೂ ಮೊದಲನೆಯವೆಂಬುದು ನಿಜ. ಆದರೆ ತತ್ವಾರ್ಥಸೂತ್ರದಲ್ಲಿ ಪರೀಷಹಜಯಕ್ಕೆ ಹೇಳಿರುವ ಉದ್ದೇಶ ಎರಡೇ: ಮೋಕ್ಷಮಾರ್ಗದಿಂದ ಜಾರದಿರುವುದು ಮತ್ತು ನಿರ್ಜರೆ. ಮಾರ್ಗದಲ್ಲಿ ನಡೆಯುವವನಿಗೆ ತಾನಾಗಿ ಬಂದೊದಗುವ ಕಷ್ಟ ಪರೀಷಹ. ತೋಳು ತೊಡೆಗಳ ಪುಷ್ಟಿಗಾಗಿ ಹೆಗಲ ಮೇಲೆ ಹೇರಿಕೊಂಡ ಭಾರದಿಂದ ಬಂದ ಕಷ್ಟವನ್ನು ಅದೇ ಹೆಸರಿನಿಂದ ಕರೆಯುವುದು ಹೇಗೆ? ಅಲ್ಲಿ ಮನಸ್ಸು ಆತ್ಮದಲ್ಲಿ ನೆಲೆಸಿರುವುದಿಲ್ಲ. ಎಣಿಕೆಯಲ್ಲಿ, ಕನ್ನಡಿಯಲ್ಲಿ, ಪಕ್ಕದವನು ಎತ್ತಿದ ಭಾರದಲ್ಲಿ ನೆಲೆಸಿರುತ್ತದೆ. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಬಲಮದ, ತಪೋಮದ, ಶರೀರಮದ ಎಂಬ ಮೂರೂ ಸೇರಿವೆ. ಉಪವಾಸದ ದಿನ ಭಾರವೆತ್ತಿ ಹೆಮ್ಮೆಪಡುವವನಲ್ಲಿ ಈ ಮೂರೂ ಒಂದೇ ಗಳಿಗೆಯಲ್ಲಿ ಕೂಡಿಕೊಳ್ಳುತ್ತವೆ.

ಹಾಗೆಂದು ದೇಹಬಲವು ಹೇಯವೆಂದು ಭಾವಿಸಬಾರದು. ಹತ್ತು ಪ್ರಾಣಗಳಲ್ಲಿ ಕಾಯಬಲವೂ ಒಂದು, ಶ್ವಾಸೋಚ್ಛ್ವಾಸವೂ ಒಂದು. ಪ್ರಮಾದದಿಂದ ಪ್ರಾಣಗಳನ್ನು ನೋಯಿಸುವುದೇ ಹಿಂಸೆಯಾದಾಗ, ತನ್ನ ಕಾಯಬಲವನ್ನೂ ಉಸಿರನ್ನೂ ವ್ಯರ್ಥವಾಗಿ ಪೀಡಿಸುವವನು ಅಹಿಂಸಾವ್ರತಕ್ಕೆ ಹೊರಗಾಗಲಾರನು. ಬಾಹುಬಲಿಸ್ವಾಮಿಯು ಮಲ್ಲಯುದ್ಧದಲ್ಲಿ ಭರತನನ್ನು ಗೆದ್ದ ಬಳಿಕವೇ ಎಲ್ಲವನ್ನೂ ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಆ ಮಹಾಪುರುಷನ ದೇಹ ವಜ್ರವೃಷಭನಾರಾಚ ಸಂಹನನದ್ದು. ಪಂಚಮಕಾಲದ ಮನುಷ್ಯರಿಗೆ ಅಂಥ ಸಂಹನನವಿಲ್ಲವೆಂದು ಆಗಮವೇ ಹೇಳುತ್ತದೆ. ಆತನನ್ನು ಪೂಜಿಸುವುದು ಸರಿ; ಆತನ ದೇಹ ತನಗಿದೆಯೆಂದು ಭ್ರಮಿಸುವುದು ಸರಿಯಲ್ಲ.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನ ಹಿಂದೆ ‘ಶಕ್ತಿತಃ’ ಎಂಬ ಪದವನ್ನಿಟ್ಟಿರುವುದು ಇದಕ್ಕಾಗಿಯೇ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಎರಡು ಎಲ್ಲೆಗಳನ್ನು ತೋರಿಸಿದ್ದಾರೆ. ಇರುವ ಶಕ್ತಿಯನ್ನು ಬಚ್ಚಿಡಬಾರದು. ಕಾಯಕ್ಲೇಶವು ಮಾರ್ಗಕ್ಕೆ ವಿರೋಧವಾಗಬಾರದು. ‘ಈ ವಯಸ್ಸಿನಲ್ಲಿ ಉಪವಾಸವೇಕೆ’ ಎಂದ ಹಿರಿಯರು ಮೊದಲನೆಯ ಎಲ್ಲೆಯನ್ನು ಮರೆತರು. ವಾಕರಿಕೆಯ ಮೇಲೆ ಇನ್ನೆರಡು ಸರದಿಗಳನ್ನು ತೆಗೆದ ತರುಣನು ಎರಡನೆಯದನ್ನು ಮರೆತನು.

ಪರ್ವದಿನದ ಮಾತಂತೂ ಇನ್ನೂ ಸ್ಪಷ್ಟವಾಗಿದೆ. ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಉಪವಾಸದ ದಿನ ಆಹಾರದ ಜೊತೆಗೆ ಸ್ನಾನ, ಅಲಂಕಾರ, ಆರಂಭಗಳನ್ನೂ ಬಿಡಬೇಕು. ದೇಹವನ್ನು ಸಿಂಗರಿಸುವುದೇ ನಿಷಿದ್ಧವಾದ ದಿನ ದೇಹವನ್ನು ಬೆಳೆಸುವ ಉದ್ಯೋಗಕ್ಕೆ ಎಡೆಯೆಲ್ಲಿ? ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ಈ ನಾಲ್ಕು ದಿನ ಭಾರವನ್ನು ಕೆಳಗಿಟ್ಟರೆ ಬಲವೇನೂ ಕುಂದುವುದಿಲ್ಲ. ಸ್ನಾಯುಗಳು ಬಲಿಯುವುದು ವಿಶ್ರಾಂತಿಯ ಕಾಲದಲ್ಲಿಯೇ. ಪಾರಣೆಯ ದಿನವೂ ಹಗುರವಾಗಿ ಆರಂಭಿಸುವುದು ಲೇಸು.

ಇನ್ನುಳಿದ ದಿನಗಳಲ್ಲಿಯೂ ವಿವೇಕ ಬೇಕು. ರಾತ್ರಿಭೋಜನತ್ಯಾಗಿಯಾದ ತರುಣನು ಕೆಲಸದಿಂದ ಬಂದು, ಸೂರ್ಯಾಸ್ತಕ್ಕೆ ಮೊದಲು ಅವಸರದಲ್ಲಿ ಹೊಟ್ಟೆತುಂಬ ಉಂಡು, ಕೂಡಲೇ ಭಾರವೆತ್ತಲು ನಿಂತರೆ ವಾಕರಿಕೆ ತಪ್ಪದು. ಅದಕ್ಕೆ ವ್ರತವನ್ನು ದೂರುವುದು ಅನ್ಯಾಯ. ಊಟಕ್ಕೂ ವ್ಯಾಯಾಮಕ್ಕೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಬೇಕು; ಆಗದಿದ್ದಲ್ಲಿ ಸಂಜೆಯ ಊಟ ಹಗುರವಾಗಿರಬೇಕು, ಎಣ್ಣೆತುಪ್ಪದ ಪದಾರ್ಥ ಬೇಡ. ರಾತ್ರಿ ನೀರನ್ನೂ ತ್ಯಜಿಸಿದವನು ಸೂರ್ಯೋದಯಕ್ಕೆ ಮೊದಲೇ ಭಾರವೆತ್ತಬಾರದು. ಉದಯದ ಬಳಿಕ ಎರಡು ಘಳಿಗೆ, ಅಂದರೆ 48 ನಿಮಿಷ, ಕಳೆದ ಮೇಲೆ ಸೋಸಿದ ನೀರನ್ನೂ ಒಂದಿಷ್ಟು ಲಘು ಆಹಾರವನ್ನೂ ಸೇವಿಸಿ, ತುಸು ಬಿಡುವು ಕೊಟ್ಟು ತೊಡಗುವುದು ಯೋಗ್ಯ. ಎತ್ತುವಾಗ ಉಸಿರನ್ನು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಸರದಿಗಳ ನಡುವೆ ಎರಡು ಮೂರು ನಿಮಿಷ ನಿಲ್ಲಬೇಕು. ಭಾರವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಬೇಕು. ವಾಕರಿಕೆ ಬಂದರೆ ಭಾರವನ್ನಿಳಿಸಿ, ಗಾಳಿಯಿರುವೆಡೆ ಕುಳಿತು, ಅಂದಿನ ಅಭ್ಯಾಸವನ್ನು ಮುಗಿಸಬೇಕು. ಎದೆನೋವು, ಮೂರ್ಛೆ, ಮೂತ್ರದ ಬಣ್ಣ ಕಪ್ಪಾಗುವುದು ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ಉಪವಾಸಕ್ಕೂ ವ್ಯಾಯಾಮಕ್ಕೂ ಮುನ್ನ ವೈದ್ಯರನ್ನು ಕೇಳಬೇಕು.

ಸಮಂತಭದ್ರರಿಗೆ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನದ ಅನುಮತಿಯನ್ನು ಬೇಡಿದರೆಂದೂ, ಗುರುಗಳು ಒಪ್ಪದೆ, ಮೊದಲು ರೋಗವನ್ನು ನೀಗಿಕೊಂಡು ಮತ್ತೆ ದೀಕ್ಷೆಯನ್ನು ಹೊಂದುವಂತೆ ಆಜ್ಞಾಪಿಸಿದರೆಂದೂ ಪರಂಪರೆಯು ಹೇಳುತ್ತದೆ. ಉಪವಾಸದ ವಿಧಿಯನ್ನು ಶ್ರಾವಕರಿಗೆ ಬರೆದುಕೊಟ್ಟವರ ಬಾಳಿನಲ್ಲಿಯೇ ದೇಹರಕ್ಷಣೆಯು ಧರ್ಮದ ಆಜ್ಞೆಯಾಗಿ ಬಂದಿತು ಎಂಬುದನ್ನು ನೆನೆಯಬೇಕು.

ಆ ತರುಣನ ದೋಷ ಮಧ್ಯಾಹ್ನದ ನೀರಿನಲ್ಲಿಲ್ಲ. ಅದು ಪ್ರಾಣರಕ್ಷಣೆಗಾಗಿ ತಾಯಿ ಕೊಟ್ಟ ನೀರು. ಉಪವಾಸ ಹಿಡಿದುದರಲ್ಲಿಯೂ ಇಲ್ಲ. ನಿಯಮ ಮುರಿದುದು ಬೆಳಿಗ್ಗೆ, ಕಬ್ಬಿಣಕ್ಕೆ ಕೈಹಾಕಿದಾಗ. ವಾಕರಿಕೆಯನ್ನು ಕಂಡೂ ಕೈಬಿಡದಿದ್ದಾಗ ಅದು ಮತ್ತಷ್ಟು ಬೆಳೆಯಿತು. ಗುರುಗಳ ಮುಂದೆ ಆಲೋಚನೆ ಮಾಡಬೇಕಾದುದು ಅದನ್ನು. ಮನೆಯ ಹಿರಿಯರು ಅವನನ್ನು ಗದರಿಸದೆ, ಉಪವಾಸವನ್ನೂ ಬಿಡಿಸದೆ, ವ್ಯಾಯಾಮವನ್ನೂ ಬಿಡಿಸದೆ, ಮುಂದಿನ ಚತುರ್ದಶಿಯ ಮುಂಜಾನೆ ತಮ್ಮೊಡನೆ ಬಸದಿಗೆ ಕರೆದೊಯ್ದು ಸಾಮಾಯಿಕಕ್ಕೆ ಕೂರಿಸಿಕೊಂಡರೆ ಸಾಕು. ಭಾರವೆತ್ತಲು ಮರುವಾರ ಇದ್ದೇ ಇದೆ.