ಬತ್ತಿದ ಕೈಗೆ ಸಭೆಯ ನಡುವೆ ಸ್ಥಳ

(ಓದತಕ್ಕ ವಾಕ್ಯಭಾಗ: ಲೂಕ 6:6–11)



ನಮ್ಮ ಕರ್ತನು ಒಂದು ಸಬ್ಬತ್‌ದಿನದಲ್ಲಿ ಸಭಾಮಂದಿರಕ್ಕೆ ಹೋಗಿ ಉಪದೇಶಿಸಿದಾಗ ಕೈ ಬತ್ತಿದ ಒಬ್ಬ ಮನುಷ್ಯನು ಅಲ್ಲಿ ಇದ್ದನೆಂದು ಮತ್ತಾಯ, ಮಾರ್ಕ, ಲೂಕ ಈ ಮೂವರೂ ಬರೆದಿದ್ದಾರೆ. ಆದರೆ ವೈದ್ಯನಾದ ಲೂಕನು ಮಾತ್ರ ಒಂದು ಸಂಗತಿಯನ್ನು ಹೆಚ್ಚಾಗಿ ತಿಳಿಸುತ್ತಾನೆ. ಬತ್ತಿದ್ದು ಅವನ ಬಲಗೈ. ಬೀಜ ಬಿತ್ತುವ ಕೈ ಅದು, ಕುಡುಗೋಲು ಹಿಡಿಯುವ ಕೈ ಅದು, ಸಂಜೆಗೆ ಕೂಲಿಯನ್ನು ಎಣಿಸಿಕೊಳ್ಳುವ ಕೈ ಅದು. ಬಲಗೈ ಬತ್ತಿದರೆ ಮನೆಯ ಒಲೆಯೂ ಆರುವದೆಂಬದನ್ನು ಹಳ್ಳಿಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾದದ್ದಿಲ್ಲ.

ಸತ್ಯವೇದದಲ್ಲಿ ಸೇರದ ಒಂದು ಹಳೆಯ ಸುವಾರ್ತಾಪುಸ್ತಕದಲ್ಲಿ ಈ ಮನುಷ್ಯನು ಕಲ್ಲುಕೆಲಸದವನಾಗಿದ್ದನೆಂದೂ, ತನ್ನ ಕೈಗಳಿಂದಲೇ ಜೀವನ ಮಾಡುವವನಾದದರಿಂದ ನಾಚಿಕೆಯಿಂದ ಭಿಕ್ಷೆ ಬೇಡುವ ಗತಿ ತನಗೆ ಬಾರದಂತೆ ಸ್ವಸ್ಥಮಾಡಬೇಕೆಂದು ಯೇಸುವನ್ನು ಬೇಡಿಕೊಂಡನೆಂದೂ ಇತ್ತೆಂಬದಾಗಿ ಪೂರ್ವಕಾಲದ ಸಭಾಪಂಡಿತನಾದ ಜೆರೋಮನು ಬರೆದಿಟ್ಟಿದ್ದಾನೆ. ಆ ಮಾತಿಗೆ ದೇವರ ವಾಕ್ಯದ ಅಧಿಕಾರವಿಲ್ಲ. ಆದರೂ ಇಂಥ ಮೊರೆ ಎಷ್ಟೋ ಅಂಗವಿಕಲರ ಹೃದಯದಲ್ಲಿ ಇದೆಯೆಂಬದನ್ನು ನಾವು ಬಲ್ಲೆವು.

ಕರ್ತನು ಏನು ಮಾಡಿದನೆಂದು ಕ್ರಮವಾಗಿ ನೋಡಿರಿ. ಆತನು ಆ ಮನುಷ್ಯನಿಗೆ ಒಂದು ಕಾಸನ್ನು ಕೊಟ್ಟು ಗೋಡೆಯ ಮೂಲೆಯಲ್ಲೇ ಬಿಡಲಿಲ್ಲ. ಮೊದಲು ಅವನನ್ನು ಎಬ್ಬಿಸಿ ಎಲ್ಲರ ನಡುವೆ ನಿಲ್ಲಿಸಿದನು. ಅನಂತರ, ಯಾವ ಕೈಯನ್ನು ಅವನು ನಾಚಿಕೆಯಿಂದ ಮುಚ್ಚಿಟ್ಟುಕೊಂಡಿದ್ದನೋ ಆ ಕೈಯನ್ನೇ ಚಾಚಬೇಕೆಂದು ಅಪ್ಪಣೆಕೊಟ್ಟನು. ಅವನು ಚಾಚಿದನು, ಕೈ ವಾಸಿಯಾಯಿತು. ಫರಿಸಾಯರಿಗಾದರೋ ಅವನು ಮೂಲೆಯಲ್ಲಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ಅವನು ನಡುವೆ ಬಂದಾಗಲೇ ಅವರಿಗೆ ಕೋಪ ಬಂತು.

ಪ್ರಿಯರೇ, ನಮ್ಮ ಸಭೆಗಳಲ್ಲಿಯೂ ಮರದಿಂದ ಬಿದ್ದು ಸೊಂಟ ಮುರಿದವರು, ಯಂತ್ರಕ್ಕೆ ಕೈ ಸಿಕ್ಕಿ ಬೆರಳು ಕಳಕೊಂಡವರು, ಕಣ್ಣು ಮಬ್ಬಾದವರು, ಪೋಲಿಯೋದಿಂದ ಕಾಲು ಸೊರಗಿದವರು ಇದ್ದಾರೆ. ಇಂಥವರಿಗಾಗಿ ಸರಕಾರವು ಮಾಸಾಶನವನ್ನು ಕೊಡುತ್ತದೆ. ಕಡುಬಡವರಾದ ತೀವ್ರ ಅಂಗವಿಕಲರಿಗೋಸ್ಕರ ಕೇಂದ್ರಸರಕಾರವು 2009ರಲ್ಲಿ ಒಂದು ಪಿಂಚಣಿ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಕೇಂದ್ರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿ ಎಂದು ನಿಗದಿಯಾಯಿತು. ರಾಜ್ಯಸರಕಾರಗಳೂ ತಮ್ಮ ಪಾಲನ್ನು ಕೊಡುತ್ತವೆ. ಇದು ಹಂಗಿನ ಅನ್ನವಲ್ಲ. ಬಡವನ ಪಾಲನ್ನು ಹೊಲದ ಅಂಚಿನಲ್ಲಿ ಬಿಡಬೇಕೆಂದು ದೇವರು ಮೋಶೆಯ ಮೂಲಕ ಆಜ್ಞಾಪಿಸಿದಂತೆಯೇ, ಇದು ರಾಜ್ಯದ ಹೊಲದಂಚಿನ ಪಾಲು. ತೆಗೆದುಕೊಳ್ಳುವವರು ತಲೆತಗ್ಗಿಸಬೇಕಾದದ್ದಿಲ್ಲ.

ಆದರೆ ಮಾಸಾಶನವು ಬಂತೆಂದು ನಾವು ಆ ಸಹೋದರನ ಲೆಕ್ಕವನ್ನು ಮುಗಿಸಿಬಿಡುತ್ತೇವಲ್ಲವೋ? “ಅವನಿಗೆ ಸರಕಾರದ ದುಡ್ಡು ಬರುತ್ತದೆ, ಅವನು ಮನೆಯಲ್ಲಿರಲಿ” ಎಂದು ಹೇಳಿ ಕೆಲಸಕ್ಕೆ ಬೇರೆಯವರನ್ನು ಕರೆಯುತ್ತೇವೆ. ಅವನಾದರೋ, ನಾಲ್ಕು ದಿನ ಕೂಲಿಗೆ ಹೋದರೆ ಮಾಸಾಶನ ನಿಂತುಹೋದೀತು, ಆಮೇಲೆ ಕೂಲಿಯೂ ತಪ್ಪೀತು ಎಂದು ಹೆದರಿ ಕೂತುಕೊಳ್ಳುತ್ತಾನೆ. ಇದನ್ನು ಮೈಗಳ್ಳತನವೆಂದು ಕರೆಯಬೇಡಿರಿ. ಎರಡು ದಡಗಳ ನಡುವೆ ಹರಿಗೋಲಿಲ್ಲದೆ ನಿಂತವನ ಭಯ ಅದು.

ಈ ಭಯವನ್ನು ಕುರಿತು ಒಂದು ನಿಜವಾದ ವೃತ್ತಾಂತವನ್ನು ಕೇಳಿರಿ. ಪಾಲ್ ಬ್ರ್ಯಾಂಡ್ ಎಂಬ ವೈದ್ಯರು 1914ರಲ್ಲಿ ಈಗಿನ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಶನರಿ ತಂದೆತಾಯಿಗಳಿಗೆ ಹುಟ್ಟಿದರು. ವೈದ್ಯಶಾಸ್ತ್ರವನ್ನು ಓದುವದಕ್ಕಿಂತ ಮುಂಚೆ ಅವರು ಕಟ್ಟಡದ ಕೆಲಸವನ್ನು ಕಲಿತಿದ್ದರು. 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದು, ಕುಷ್ಠರೋಗದಿಂದ ನರಗಳು ಸತ್ತು ಬೆರಳುಗಳು ಹಕ್ಕಿಯ ಕಾಲುಗುರಿನಂತೆ ಮಡಚಿಹೋದವರನ್ನು ನೋಡಿ ಕನಿಕರಪಟ್ಟರು. ಬಲವುಳ್ಳ ಬೇರೊಂದು ಸ್ನಾಯುವಿನ ಹುರಿಯನ್ನು ಬೆರಳುಗಳಿಗೆ ಜೋಡಿಸಿ, ಅಂಥ ಕೈಗಳು ತಿರಿಗಿ ತೆರೆದು ಮುಚ್ಚುವಂತೆ ಶಸ್ತ್ರಚಿಕಿತ್ಸೆಯಿಂದ ಮಾಡಿದರು.

ಆದರೆ ಹಾಗೆ ಕೈ ನೆಟ್ಟಗಾಗಿ ಹೋದವನೊಬ್ಬನು ಸ್ವಲ್ಪಕಾಲದ ಮೇಲೆ ತಿರಿಗಿ ಬಂದು, ಈ ಕೈಗಳು ಭಿಕ್ಷೆಗೆ ಒಳ್ಳೇ ಕೈಗಳಲ್ಲವೆಂದು ಹೇಳಿದನು. ಮಡಚಿದ ಕೈಯನ್ನು ನೋಡಿ ಕಾಸು ಹಾಕುತ್ತಿದ್ದ ಜನರು ನೆಟ್ಟಗಿನ ಕೈಗೆ ಕಾಸು ಹಾಕಲಿಲ್ಲ. ರೋಗದ ಗುರುತನ್ನು ನೋಡಿ ಕೆಲಸವನ್ನೂ ಕೊಡಲಿಲ್ಲ. ವೈದ್ಯನು ಕೈಯನ್ನು ಕೊಟ್ಟನು, ಊರು ಸ್ಥಳವನ್ನು ಕೊಡಲಿಲ್ಲ. ಹೀಗೆ ಆ ಬಡವನಿಗೆ ಸ್ವಸ್ಥತೆಯೇ ನಷ್ಟವಾಯಿತು!

ಆಗ ಬ್ರ್ಯಾಂಡರು ಅವರಂಥವರಿಗೋಸ್ಕರ ಹೊಸ ಜೀವನವೆಂಬ ಅರ್ಥವುಳ್ಳ ಹೆಸರಿನಿಂದ ಒಂದು ಚಿಕ್ಕ ವಸತಿಯನ್ನು ಏರ್ಪಡಿಸಿ, ಮರಗೆಲಸವನ್ನು ತಾವೇ ಕಲಿಸಿದರು. ಸ್ಪರ್ಶವಿಲ್ಲದ ಕೈಗಳಿಗೆ ನೋವು ತಿಳಿಯದಾದ್ದರಿಂದ ಉಳಿ ಸುತ್ತಿಗೆಗಳ ಹಿಡಿಯಿಂದಲೇ ಗಾಯಗಳಾಗುತ್ತಿದ್ದವು. ಇವರು ಕೆಲಸಕ್ಕೆ ಬಾರರೆಂದು ಹೇಳಿ ಅವರನ್ನು ಕಳುಹಿಸಿಬಿಟ್ಟರೋ? ಇಲ್ಲ. ಹಿಡಿಗಳನ್ನು ಬದಲಾಯಿಸಿದರು, ದಿನದಿನವೂ ಕೈಗಳನ್ನು ಪರೀಕ್ಷಿಸಿದರು. ಕೈಗೆ ತಕ್ಕ ಹಿಡಿಯನ್ನು ಮಾಡಿದರೇ ಹೊರತು ಹಿಡಿಗೆ ತಕ್ಕ ಕೈಯನ್ನು ಹುಡುಕಲಿಲ್ಲ. ಇದರಲ್ಲಿ ನಮಗೆ ದೊಡ್ಡ ಪಾಠವಿದೆ. ಇಂಥ ತಕ್ಕ ಅನುಕೂಲವನ್ನು ಮಾಡಿಕೊಡಬೇಕೆಂದು ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಹೇಳುತ್ತದೆ.

ಅದೇ ಆಸ್ಪತ್ರೆಯಲ್ಲಿ ಮೇರಿ ವರ್ಗೀಸ್ ಎಂಬ ಯೌವನಸ್ಥ ವೈದ್ಯೆಗೆ 1954ರಲ್ಲಿ ವಾಹನದ ಅಪಘಾತದಿಂದ ಬೆನ್ನುಮೂಳೆ ಮುರಿದು ಎರಡು ಕಾಲುಗಳೂ ಹೋದವು. ಆದರೆ ಆಕೆಯ ಕೈಗಳು ಉಳಿದಿದ್ದವಷ್ಟೆ. ಗಾಲಿಕುರ್ಚಿಯಲ್ಲಿ ಕೂತುಕೊಂಡೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಂಗವಿಕಲರನ್ನು ತಿರಿಗಿ ಬಾಳಿಗೆ ತರುವ ಚಿಕಿತ್ಸಾವಿಭಾಗವನ್ನು ವೆಲ್ಲೂರಿನಲ್ಲಿ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಗೌರವವು ಅವರಿಗೆ ದೊರಕಿತು. ಹೋದದ್ದನ್ನು ಎಣಿಸದೆ ಉಳಿದದ್ದನ್ನು ಚಾಚಿದವರನ್ನು ದೇವರು ಹೀಗೆ ಉಪಯೋಗಿಸುತ್ತಾನೆ.

ಕೆಲವರು ಪೌಲನ ಮಾತನ್ನು ಎತ್ತಿಕೊಂಡು, ದುಡಿಯದವನು ಉಣ್ಣಬಾರದೆಂದು ಅಂಗವಿಕಲರ ಮುಂದೆ ಹೇಳುವದುಂಟು. 2 ಥೆಸಲೋನಿಕ 3:10ನ್ನು ಸರಿಯಾಗಿ ಓದಿರಿ. ಅಲ್ಲಿ ಹೇಳಿದ್ದು ಕೆಲಸಮಾಡಲು ಮನಸ್ಸಿಲ್ಲದವನನ್ನು ಕುರಿತು. ಕೈಲಾಗದವನನ್ನು ಕುರಿತಲ್ಲ, ಯಾರೂ ಕೆಲಸಕ್ಕೆ ಕರೆಯದವನನ್ನು ಕುರಿತೂ ಅಲ್ಲ. ದ್ರಾಕ್ಷೇತೋಟದ ಸಾಮ್ಯದಲ್ಲಿ ಸಂಜೆಯ ತನಕ ಪೇಟೆಯಲ್ಲಿ ನಿಂತವರು, ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಹೇಳಿದಾಗ ಯಜಮಾನನು ಬೈಯಲಿಲ್ಲ. ತೋಟಕ್ಕೆ ಕಳುಹಿಸಿ ಪೂರಾ ಕೂಲಿಯನ್ನು ಕೊಟ್ಟನು.

ಹಾಗಾದರೆ ನಾವು ಮಾಡತಕ್ಕದ್ದೇನು?

ಮೊದಲನೆಯದು, ಸಹೋದರನನ್ನು ನಡುವೆ ಕರೆಯಿರಿ. “ನಿನ್ನಿಂದ ಏನಾಗುತ್ತದೆ?” ಎಂದು ಅವನನ್ನೇ ಕೇಳಿರಿ. ನಡೆಯಲಾರದವನು ಹಾಲಿನ ಸಂಘದ ಲೆಕ್ಕವನ್ನು ಬರೆಯಬಹುದು. ಒಂದೇ ಕೈಯವಳು ಅಂಗಡಿಯನ್ನು ನೋಡಿಕೊಳ್ಳಬಹುದು. ಕಣ್ಣಿಲ್ಲದವನು ಬೆತ್ತದ ಕುರ್ಚಿಯನ್ನು ಹೆಣೆಯಬಹುದು. ವೈದ್ಯರ ಪತ್ರದಲ್ಲಿರುವ ಶೇಕಡಾ ಲೆಕ್ಕವು ಅವನ ದೇಹದ ಕೊರತೆಯನ್ನು ಅಳೆಯುತ್ತದೆ, ಅವನ ಬುದ್ಧಿಯನ್ನೂ ಉತ್ಸಾಹವನ್ನೂ ಅಳೆಯುವದಿಲ್ಲ.

ಎರಡನೆಯದು, ಒಂದು ಹಿಡಿಯನ್ನು ಕೊಡುವದಕ್ಕಿಂತ ಮುಂಚೆ ಇನ್ನೊಂದನ್ನು ಕಿತ್ತುಕೊಳ್ಳಬೇಡಿರಿ. ಕೆಲಸ ಸಿಕ್ಕಿದ ವಾರವೇ ಬಡವರ ನಿಧಿಯ ಅಕ್ಕಿಯನ್ನು ನಿಲ್ಲಿಸಬಾರದು. ಸಂಪಾದನೆಯು ನೆಲೆಗೊಳ್ಳುವ ತನಕ ಅದು ನಡೆಯಲಿ. ಮಾಸಾಶನದ ನಿಯಮವನ್ನು ತಿಳುಕೊಳ್ಳುವದಕ್ಕೆ ಸಭೆಯ ಹಿರಿಯರೊಬ್ಬರು ಅವನ ಸಂಗಡ ಪಂಚಾಯತಿ ಕಚೇರಿಗೂ ನಾಡಕಚೇರಿಗೂ ಹೋಗಲಿ. ಅಂಗವಿಕಲರ ಸಹಾಯಕ್ಕಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕರ್ನಾಟಕ ಸರಕಾರವು ಇಟ್ಟಿದೆ. ಅವರನ್ನು ಕಂಡು ವಿಚಾರಿಸಿರಿ. ಸಂಪಾದನೆಯನ್ನು ಮರೆಮಾಡಿ ಸುಳ್ಳಾಡುವದು ಬೇಡ. ಆದರೆ ವಿಚಾರಿಸದೆ ಹೆದರಿ ಕೂತುಕೊಳ್ಳುವದೂ ಬೇಡ.

ಮೂರನೆಯದು, ಕೆಲಸಕ್ಕೆ ತಕ್ಕ ಕೂಲಿಯನ್ನು ಕೊಡಿರಿ. ಕುಂಟನೆಂದು ಅರ್ಧ ಕೂಲಿಯನ್ನು ಕೊಟ್ಟು ಅದಕ್ಕೆ ಧರ್ಮವೆಂದು ಹೆಸರಿಡುವದು ಕಳ್ಳತನವಾಗಿದೆ.

ಯಾವ ಕೆಲಸಕ್ಕೂ ಕೈಲಾಗದೆ ಹಾಸಿಗೆ ಹಿಡಿದಿರುವ ಸಹೋದರರೇ, ಈ ಮಾತುಗಳಿಂದ ನೀವು ಕುಂದಬೇಡಿರಿ. ಎರಡು ಕಾಲೂ ಕುಂಟಾಗಿದ್ದ ಮೆಫೀಬೋಶೆತನು ಯಾವ ಸೇವೆಯನ್ನೂ ಮಾಡುವದಕ್ಕಿಂತ ಮೊದಲೇ ದಾವೀದನ ಪಂಕ್ತಿಯಲ್ಲಿ ಅರಸನ ಮಕ್ಕಳಂತೆ ಊಟಮಾಡಿದನು. ನಿಮ್ಮ ಬೆಲೆಯು ಕೂಲಿಯಿಂದ ಗೊತ್ತಾಗುವದಿಲ್ಲ, ಕ್ರಿಸ್ತನ ರಕ್ತದಿಂದ ಗೊತ್ತಾಗಿದೆ.

ಮುಂದಿನ ಸುಗ್ಗಿಯ ಹಬ್ಬದಲ್ಲಿ, ಇಷ್ಟು ವರುಷ ಬಡವರ ನಿಧಿಯಿಂದ ತೆಗೆದುಕೊಂಡವನೊಬ್ಬನು ತನ್ನ ದುಡಿತದ ಕಾಣಿಕೆಯನ್ನು ತಾನೇ ತಂದು ಇಡುವಂತೆ ದೇವರು ಅನುಗ್ರಹಿಸಲಿ. ಅವನು ಕೈ ಚಾಚುವದಕ್ಕೆ ಸಿದ್ಧನಾಗಿದ್ದಾನೆ. ನಡುವೆ ಸ್ಥಳ ಬಿಡುವದಕ್ಕೆ ನಾವು ಸಿದ್ಧರಾಗಿದ್ದೇವೋ?

ಪ್ರಾರ್ಥನೆ: ಕರ್ತನಾದ ಯೇಸುವೇ, ಬತ್ತಿದ ಕೈಯನ್ನು ಕಂಡು ನೀನು ದಾಟಿಹೋಗಲಿಲ್ಲ. ನಮ್ಮ ಬತ್ತಿದ ಹೃದಯಗಳನ್ನು ಸಹ ವಾಸಿಮಾಡು. ಕಾಸು ಹಾಕಿ ಕೈತೊಳಕೊಳ್ಳುವ ಮನಸ್ಸನ್ನು ನಮ್ಮಿಂದ ತೆಗೆದುಬಿಟ್ಟು, ಕೈಹಿಡಿದು ಎಬ್ಬಿಸುವ ಪ್ರೀತಿಯನ್ನು ನಮಗೆ ದಯಪಾಲಿಸು. ಆಮೆನ್.