ಮುಖಪುಟದ ರಕ್ತ



ಕಳೆದ ತಪಸ್ಸುಕಾಲದಲ್ಲಿ ಹೊಸಪೇಟೆಯ ತಾಯಿಯೊಬ್ಬರು ಒಂದು ತಗಡಿನ ಟ್ರಂಕನ್ನು ಗುರುಮನೆಗೆ ಹೊರಿಸಿಕೊಂಡು ಬಂದರು. ಹೊತ್ತು ತಂದವನು ಪಿಯುಸಿ ಓದುತ್ತಿರುವ ಅವರ ಮಗ. ಟ್ರಂಕು ತೀರಿಹೋದ ಮಾವನವರದು. ಒಳಗೆ ನಲವತ್ತು ಐವತ್ತು ಹಳೆಯ ಪತ್ತೇದಾರಿ ಕಾದಂಬರಿಗಳು, ಜೊತೆಗೆ ಕೆಲವು ಇಂದ್ರಜಾಲ ಕಾಮಿಕ್ಸ್. "ಇವನ್ನ ಸುಟ್ಟುಬಿಡ್ಲೇನ್ರಿ ಫಾದರ್? ಮನ್ಯಾಗ ಇಟ್ಕೊಳ್ಳಾಕ ಮನಸ್ಸು ಒಪ್ಪವಲ್ದು" ಎಂದರು.

ಅವರು ಪುಸ್ತಕ ಓದಿರಲಿಲ್ಲ, ಮುಖಪುಟ ನೋಡಿದ್ದರು. ಮೇಲಿದ್ದದ್ದನ್ನು ನಾನೂ ನೋಡಿದೆ. ಹಳದಿ ಹಿನ್ನೆಲೆ, ಹ್ಯಾಟು ಹಾಕಿದವನ ನೆರಳು, ಹೊಗೆಯಾಡುವ ಪಿಸ್ತೂಲು. ಕೆಳಗೆ ಸೆರಗು ಜಾರಿದ ಹೆಂಗಸೊಬ್ಬಳು ಬಾಯಿ ತೆರೆದು ಕಿರುಚುತ್ತಿದ್ದಾಳೆ. ಕಾಗದ ಹುಡಿಯಾಗುತ್ತಿದ್ದರೂ ರಕ್ತ ಮಾತ್ರ ಮಾಸದೆ ಕುಂಕುಮದಷ್ಟು ಕೆಂಪಗಿದೆ.

ಆ ರಾತ್ರಿ ಅದನ್ನು ಓದಿದೆ. (ಮುಗಿಸದೆ ಮಲಗಲಾಗಲಿಲ್ಲ ಎಂದೂ ಒಪ್ಪಿಕೊಳ್ಳುತ್ತೇನೆ.) ಲೇಖಕರ ಹೆಸರಿದ್ದ ಪುಟ ಹರಿದುಹೋಗಿತ್ತು. ಆಶ್ಚರ್ಯವೆಂದರೆ, ಮುಖಪುಟದ ಆ ಹೆಂಗಸು ಕಥೆಯೊಳಗೆ ಎಲ್ಲಿಯೂ ಇಲ್ಲ! ಸತ್ತವನು ಒಬ್ಬ ಮುದುಕ ಜಮೀನುದಾರ. ಅವನನ್ನು ಯಾರು ಕೊಂದರು, ಏಕೆ ಕೊಂದರು ಎಂದು ಪತ್ತೇದಾರ ಊರೂರು ಅಲೆಯುತ್ತಾನೆ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, 2011ರಲ್ಲಿ ತೀರಿಕೊಂಡ ಎನ್. ನರಸಿಂಹಯ್ಯನವರ ಪುರುಷೋತ್ತಮ, ಅರಿಂಜಯ, ಗಾಳಿರಾಯ ಮೊದಲಾದವರು ಮಾಡುತ್ತಿದ್ದದ್ದೂ ಇದೇ ಕೆಲಸ. ಅಂದರೆ ಪುಸ್ತಕದ ಒಳಗೆ ಸತ್ತವನ ಪರವಾಗಿ ಕೇಳುವವನೊಬ್ಬನಿದ್ದಾನೆ. ಮುಖಪುಟದಲ್ಲಿ ಅವನಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ ಇಂಥ ಪುಸ್ತಕವನ್ನು ಓದಿದವರು ಹತ್ತು ಜನರಾದರೆ, ಬರೀ ನೋಡಿಕೊಂಡು ಹೋದವರು ಸಾವಿರ ಜನ.

ಸುಡುವುದು ನಮ್ಮವರಿಗೆ ಹೊಸದೇನಲ್ಲ. 1948ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ಪಟ್ಟಣದ ಕಥೋಲಿಕ ಶಾಲೆಯ ಮಕ್ಕಳು ಮನೆಮನೆಯಿಂದ ಕಾಮಿಕ್ಸ್ ಸಂಗ್ರಹಿಸಿ ಬೆಂಕಿಗೆ ಹಾಕಿದರು. 1954ರ ಏಪ್ರಿಲ್ 21ರಂದು ಅಲ್ಲಿಯ ಸೆನೆಟ್ ಸಮಿತಿಯ ಮುಂದೆ ಪ್ರಕಾಶಕ ವಿಲಿಯಂ ಗೇನ್ಸ್ ನಿಂತಿದ್ದ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕತ್ತರಿಸಿದ ತಲೆ ಹಿಡಿದವನ ಮುಖಪುಟವನ್ನು ತೋರಿಸಿ, ಇದು ಸದಭಿರುಚಿಯೇ ಎಂದು ಸೆನೆಟರ್ ಕೆಫಾವರ್ ಕೇಳಿದರು. ಇಂಥ ಪುಸ್ತಕಕ್ಕೆ ಇದು ತಕ್ಕದ್ದೇ, ತಲೆಯನ್ನು ಇನ್ನೂ ಸ್ವಲ್ಪ ಮೇಲೆತ್ತಿ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಕೆಟ್ಟದಾಗುತ್ತಿತ್ತು ಎಂದ ಗೇನ್ಸ್. ಎರಡು ವರ್ಷಗಳ ನಂತರ, 1956ರಲ್ಲಿ, ನಮ್ಮ ಸಂಸತ್ತೂ 20 ವರ್ಷದೊಳಗಿನವರಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ ಕಾಯಿದೆ ಮಾಡಿತು.

ಗೇನ್ಸ್‌ನ ಉತ್ತರ ಕೇಳಿ ನಗು ಬರುತ್ತದೆ. ಆದರೆ ನಾವೂ ಬಹಳ ಸಲ ಅವನ ಹಾಗೆಯೇ ರಕ್ತವನ್ನು ಅಳತೆ ಮಾಡುತ್ತೇವೆ. ಮರುದಿನ ನಾನು ಆ ಹುಡುಗನ ಮುಂದೆ ಇಂಥದ್ದೇ ಅಳತೆಯ ಮಾತಾಡುತ್ತಿದ್ದೆ. ಅವನು ಗೋಡೆಯ ಮೇಲಿನ ಶಿಲುಬೆಯತ್ತ ಕೈ ತೋರಿಸಿ, "ಅದೂ ರಕ್ತಾನೇ ಅಲ್ರೀ ಫಾದರ್?" ಎಂದ.

ನನ್ನ ಬಾಯಿ ಕಟ್ಟಿತು. ಸೆಮಿನರಿಯಲ್ಲಿ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕೊಲೆಯಾದ ಮನುಷ್ಯನ ಚಿತ್ರ ನಮ್ಮ ಪ್ರತಿ ಮನೆಯಲ್ಲೂ ಇದೆ. ತೊಟ್ಟಿಲಿನ ಮಕ್ಕಳೂ ಅದನ್ನು ನೋಡುತ್ತವೆ. ಹಂಪಿಗೆ ಹೋಗುವಾಗ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ನಿಂತು ನೋಡಿದರೆ ವೀರಗಲ್ಲುಗಳಲ್ಲೂ ಕತ್ತಿ, ಬಿದ್ದ ಹೆಣ ಎಲ್ಲವೂ ಇವೆ. ಆದರೆ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುವುದು ರೂಢಿ: ಕೆಳಗೆ ಕಾಳಗ, ಮೇಲೆ ಸತ್ತವನನ್ನು ಸ್ವರ್ಗಕ್ಕೆ ಕರೆದೊಯ್ಯುವವರು. ಅವನಿಗೆ ತನ್ನವರು ಅನ್ನುವವರು ಇದ್ದರು, ಆದ್ದರಿಂದಲೇ ಕಲ್ಲು ನಿಂತಿತು. ಶಿಲುಬೆಯ ಮೇಲೆ ಒಂದು ಫಲಕವಿದೆ, ಅದರಲ್ಲಿ ಹೆಸರಿದೆ. ಮೂರು ಭಾಷೆಗಳಲ್ಲಿ ಬರೆದಿತ್ತೆಂದು ಸಂತ ಯೊವಾನ್ನರು ಹೇಳುತ್ತಾರೆ. ಕೆಳಗೆ ತಾಯಿ ನಿಂತಿದ್ದಾಳೆ. ಶಿಲುಬೆಯ ಹಾದಿಯಲ್ಲಿ ಮಂಡಿಯೂರುವಾಗ ನಾವು ಪ್ರೇಕ್ಷಕರಲ್ಲ, ಆರೋಪಿಗಳು. ಮುಖಪುಟದ ಹೆಂಗಸಿಗೆ ಹೆಸರಿಲ್ಲ. ಅವಳು ನಮ್ಮನ್ನು ಏನೂ ಕೇಳುವುದಿಲ್ಲ. ಅವಳು ಅಗ್ಗವಾಗಿರುವುದು ಅದರಿಂದಲೇ.

ಹಾಗೆಂದು ನೋಡುವುದೇ ಪಾಪವೆನ್ನಲಾರೆ. ಸಂತ ಅಗಸ್ಟೀನರ ಗೆಳೆಯ ಅಲಿಪಿಯುಸ್ ರೋಮಿನ ಮಲ್ಲರ ಕಾಳಗಕ್ಕೆ ಹೋಗಿ ಕಣ್ಣು ಮುಚ್ಚಿ ಕುಳಿತಿದ್ದ. ಜನರ ಕೂಗು ಕೇಳಿ ಕಣ್ಣು ತೆರೆದವನಿಗೆ ಆಮೇಲೆ ಮುಚ್ಚಲಾಗಲಿಲ್ಲ. ಮುಚ್ಚಿದ ಕಣ್ಣು ಅಷ್ಟೊಂದು ನಂಬಿಕೆಗೆ ಯೋಗ್ಯವಲ್ಲ. ಪ್ರಭು ಯೇಸು ಹೇಳಿದ ಜೆರಿಕೋ ದಾರಿಯ ಕಥೆಯೂ ಒಂದು ದರೋಡೆಯ ಕಥೆ. ಬಿದ್ದವನನ್ನು ಯಾಜಕನೂ ನೋಡಿದ, ಲೇವಿಯನೂ ನೋಡಿದ, ಸಮಾರಿಯದವನೂ ನೋಡಿದ. ಮೂವರಿಗೂ ಸಂತ ಲೂಕರು ಬಳಸಿದ್ದು ಒಂದೇ ಪದ.

ಸುಡಬೇಡಿ, ಓದುವವರಿಗೆ ಕೊಡಿ ಎಂದು ತಾಯಿಗೆ ಹೇಳಿದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಹುಡುಗನನ್ನು ಮಾತ್ರ ನಿಲ್ಲಿಸಿ, ನಿನ್ನ ಫೋನಿನಲ್ಲಿ ಇಂಥ ಮುಖಪುಟ ಇದೆಯೇನೋ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ವಿಡಿಯೋ ತೋರಿಸಿದ. ಸಂಡೂರು ರಸ್ತೆಯಲ್ಲಿ ಮಗುಚಿದ ಅದಿರು ಲಾರಿ, ಅಡಿಯಲ್ಲಿ ಕಾಲು ಸಿಕ್ಕಿಕೊಂಡ ಕ್ಲೀನರ್, ಸುತ್ತ ಎತ್ತಿ ಹಿಡಿದ ಫೋನುಗಳು.

"ಯಾರು ತೆಗೆದದ್ದು?"

"ನಾನೇ ರೀ."

"ಅವನ ಹೆಸರೇನು?"

ಗೊತ್ತಿರಲಿಲ್ಲ. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹುಡುಗ ಬಾಗಿಲ ಬಳಿ ಕಾದಿದ್ದು, ಹೆಸರು ಹೇಳಿದ. ಕಂಪ್ಲಿ ಕಡೆಯವನಂತೆ, ಹತ್ತೊಂಬತ್ತು ವರ್ಷವಂತೆ. ಕಾಲಿಗೆ ರಾಡು ಹಾಕಿದ್ದಾರಂತೆ.